ಎರಡನೇ ವರ್ಷದಲ್ಲಿ ಮಗುವಿನ ತೂಕ ನಿಧಾನವಾಗಿ ಏರುವುದು ಸಹಜವೇ?

ತೀರ್ಥಹಳ್ಳಿಯ ತಾಯಿ:
ಎಲ್ಲರಿಗೂ ನಮಸ್ಕಾರ. ಹುಟ್ಟುವಾಗ 3 ಕಿಲೋ ಇದ್ದ ನನ್ನ ಮಗಳು ವರ್ಷ ತುಂಬುವಷ್ಟರಲ್ಲಿ 9 ಕಿಲೋ ಆಗಿದ್ದಳು. ಎರಡು ತುಂಬುತ್ತಾ ಬಂದ ಈಗ 11 ಕಿಲೋ ಇದ್ದಾಳೆ. ರಾಗಿ ಮಣ್ಣಿಯ ಬಟ್ಟಲು ಹಿಡಿದು ಅಂಗಳವಿಡೀ ಹಿಂದೆ ತಿರುಗಿದರೂ ನಾಲ್ಕು ತುತ್ತಿಗೆ ಬಾಯಿ ಮುಚ್ಚಿಬಿಡುತ್ತಾಳೆ. ಜ್ವರ, ಭೇದಿ ಏನೂ ಇಲ್ಲ, ಆಟಕ್ಕೆ ಕಡಿಮೆಯಿಲ್ಲ. ಆದರೂ ಮಗು ಸೊರಗುತ್ತಿದೆ ಎಂದು ಅತ್ತೆಯವರು ದಿನವೂ ಕೊರಗುತ್ತಾರೆ. ತಿಳಿದವರು ದಯವಿಟ್ಟು ಹೇಳಿ.

ಸಾಗರದ ನಿವೃತ್ತ ಶುಶ್ರೂಷಕಿ:
ತಂಗೀ, ಹುಟ್ಟಿದಾಗಿನ ತೂಕ ಐದಾರು ತಿಂಗಳಿಗೆ ಇಮ್ಮಡಿಯಾಗಿ, ವರ್ಷಕ್ಕೆ ಮೂರು ಪಟ್ಟಾಗುವುದು ವಾಡಿಕೆ. ಆ ವೇಗ ಮುಂದುವರಿಯುವುದಿಲ್ಲ. ಎರಡನೇ ವರ್ಷವಿಡೀ ಸೇರಿ ಎರಡು–ಎರಡೂವರೆ ಕಿಲೋ ಏರಿದರೆ ಸಾಕು, ಬೆಳವಣಿಗೆ ತಗ್ಗಿದಂತೆ ಹಸಿವೂ ತಗ್ಗುತ್ತದೆ. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಗಿಸಿ, ತಾಯಿ ಕಾರ್ಡಿನ ನಕ್ಷೆಯಲ್ಲಿ ಗುರುತು ಹಾಕಿಸಿ. ಗೆರೆ ಮೇಲಕ್ಕೇ ಹೋಗುತ್ತಿದ್ದರೆ ಚಿಂತೆ ಬೇಡ. ಎರಡು ಮೂರು ತಿಂಗಳು ಮಟ್ಟಸವಾಗಿ ನಿಂತರೆ, ಅಥವಾ ಇಳಿದರೆ, ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ಒತ್ತಾಯದಿಂದ ಮಾತ್ರ ತಿನ್ನಿಸಬೇಡಿ. ಬಟ್ಟಲು ಕಂಡರೇ ಅಳುವ ಮಕ್ಕಳು ಹಾಗೆಯೇ ತಯಾರಾಗುವುದು.

ಶಿವಮೊಗ್ಗದ ಜೀವಶಾಸ್ತ್ರ ಉಪನ್ಯಾಸಕ:
ಅಕ್ಕ ಹೇಳಿದ್ದು ಸರಿ. ಮನುಷ್ಯ ಅತಿ ವೇಗವಾಗಿ ಬೆಳೆಯುವುದು ಹುಟ್ಟುವ ಮೊದಲು: ಕಣ್ಣಿಗೆ ಕಂಡೀತೋ ಇಲ್ಲವೋ ಎಂಬಷ್ಟು ಸಣ್ಣ ಕೋಶವೊಂದು 8 ವಾರಗಳಲ್ಲಿ ಹೃದಯ, ಮೆದುಳು, ಕೈಕಾಲು ಮೂಡಿದ ಜೀವವಾಗುತ್ತದೆ. ಮೆದುಳು, ಬೆನ್ನುಹುರಿಗಳಾಗುವ ನಾಳವಂತೂ ಗರ್ಭಾಂಕುರವಾದ ಸುಮಾರು 28 ದಿನಗಳಲ್ಲಿ, ಎಷ್ಟೋ ತಾಯಂದಿರಿಗೆ ಬಸುರಿನ ಸುಳಿವು ಸಿಗುವ ಮೊದಲೇ, ಮುಚ್ಚಿಕೊಳ್ಳುತ್ತದೆ. ಆ ನಾಳ ಸರಿಯಾಗಿ ಮುಚ್ಚಿಕೊಳ್ಳಲು ನೆರವಾಗುವ ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭ ನಿಲ್ಲುವ ಮೊದಲಿನಿಂದಲೇ ತೆಗೆದುಕೊಳ್ಳಿ ಎನ್ನುವುದು ಇದಕ್ಕಾಗಿಯೇ, ಮತ್ತು ಈ ಮಾತನ್ನು ಮದುವೆಯಾದ ಪ್ರತಿ ಹೆಣ್ಣುಮಗಳಿಗೂ ತಲುಪಿಸಬೇಕು. ನಿಮ್ಮ ಮಗಳು ಇನ್ನು ಕೆಲವು ವರ್ಷ ನಿಧಾನವಾಗಿ ಬೆಳೆದು, ಹರೆಯದಲ್ಲಿ ಮತ್ತೆ ಒಮ್ಮೆಲೇ ಎತ್ತರವಾಗುತ್ತಾಳೆ. ಆಮೇಲೆ ಮೂಳೆಗಳ ತುದಿಯ ಮೃದ್ವಸ್ಥಿ ಗಟ್ಟಿಯಾಗಿ ಎತ್ತರ ನಿಲ್ಲುತ್ತದೆ.

ತೀರ್ಥಹಳ್ಳಿಯ ತಾಯಿ:
ಧನ್ಯವಾದಗಳು ಸರ್, ಅಕ್ಕ. ಇನ್ನೊಂದು ವಿಷಯ: ನಾಗಂದಿಗೆಯ ಮೇಲಿನ ಉಪ್ಪಿನಕಾಯಿ ಜಾಡಿ ಅತ್ತೆಯವರ ಕೈಗೆ ಈಗ ಎಟುಕುತ್ತಿಲ್ಲ. ಎತ್ತರ ಇಳಿಯುವುದೂ ಉಂಟೇ?

ಸಾಗರದ ನಿವೃತ್ತ ಶುಶ್ರೂಷಕಿ:
ಉಂಟು. ವಯಸ್ಸಾದಂತೆ ಬೆನ್ನುಮೂಳೆಗಳ ನಡುವಿನ ಮೆತ್ತೆಗಳು ನೀರಿನಂಶ ಕಳೆದುಕೊಂಡು ತೆಳುವಾಗುತ್ತವೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆಗಳ ಸವೆತವೂ ಹೆಚ್ಚುತ್ತದೆ. ಬೆನ್ನು ಬಾಗುತ್ತಿದ್ದರೆ, ಇಲ್ಲವೇ ಭಾರವೇನೂ ಎತ್ತದೆ ಏಕಾಏಕಿ ನಡುಬೆನ್ನು ನೋಯತೊಡಗಿದರೆ, ಮೂಳೆ ಒಳಗೇ ಕುಸಿದಿರಬಹುದು; ವಯಸ್ಸಿನ ನೋವೆಂದು ಎಣ್ಣೆ ತಿಕ್ಕಿ ಕೂರಿಸದೆ ಅವರನ್ನೂ ವೈದ್ಯರ ಬಳಿ ಕರೆದೊಯ್ಯಿರಿ.