ಸಹಾಯ ಬೇಕು: ಬಿಎಸ್ಸಿ ಗಣಿತಕ್ಕೆ ಆನ್‌ಲೈನ್ ಅಭ್ಯಾಸದ ಪ್ರಶ್ನೆಗಳು
ನಮಸ್ಕಾರ. ನಾನು ಶಿರಸಿ ಹತ್ತಿರದ ಹಳ್ಳಿಯವಳು, ಬಿಎಸ್ಸಿ ಎರಡನೇ ವರ್ಷ. ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ ಅಭ್ಯಾಸಕ್ಕೆ ಒಳ್ಳೆಯ ಪ್ರಶ್ನೆಗಳು ಆನ್‌ಲೈನ್‌ನಲ್ಲಿ ಎಲ್ಲಿ ಸಿಗುತ್ತವೆ? ನಾಲ್ಕು ಆಯ್ಕೆಯವು ಬೇಡ. ಸುಮ್ನೆ ಊಹಿಸಿ ಒತ್ತಿಬಿಡುತ್ತೇನೆ.

ನಿನ್ನೆ ಒಂದು ಕಡೆ 2 ಸೈನ್ ಎಕ್ಸ್ ಕಾಸ್ ಎಕ್ಸ್‌ನ ಇಂಟಿಗ್ರಲ್ ಕೇಳಿತ್ತು. ಮೈನಸ್ ಕಾಸ್ ಸ್ಕ್ವೇರ್ ಎಕ್ಸ್ ಪ್ಲಸ್ ಸಿ (ಸಿ ಅಂದರೆ ಯಾವುದಾದರೂ ಸ್ಥಿರ ಸಂಖ್ಯೆ) ಅಂತ ಬರೆದೆ. ತಪ್ಪಂತೆ! ಅವರ ಉತ್ತರ ಸೈನ್ ಸ್ಕ್ವೇರ್ ಎಕ್ಸ್ ಪ್ಲಸ್ ಸಿ. ಎರಡಕ್ಕೂ ವ್ಯತ್ಯಾಸ ಬರೀ 1, ಅದು ಸಿ ಒಳಗೇ ಸೇರಿಹೋಗುತ್ತದೆ ಅಲ್ವಾ? ಅರ್ಧ ಗಂಟೆ ತಲೆ ಕೆಡಿಸಿಕೊಂಡೆ.

ಮೂಡಲ್ ಎಂಬ ಆನ್‌ಲೈನ್ ಕಲಿಕೆಯ ತಂತ್ರಾಂಶದಲ್ಲಿ ಬಳಸುವ ಸ್ಟ್ಯಾಕ್ (ಗಣಿತದ ಉತ್ತರಗಳನ್ನು ತಾನೇ ತಿದ್ದುವ ವ್ಯವಸ್ಥೆ) ಇಂಥ ಉತ್ತರಗಳೂ ಸರಿ ಎಂದು ಗುರುತಿಸುತ್ತದೆ, ಅದೇ ಪ್ರಶ್ನೆಯನ್ನು ಅಂಕಿ ಬದಲಿಸಿ ಮತ್ತೆ ಮತ್ತೆ ಕೊಡುತ್ತದೆ ಎಂದು ಓದಿದೆ. ಕಾಲೇಜಿನ ಲಾಗಿನ್ ಇಲ್ಲದೆ ಸಿಗುತ್ತದಾ? ಇಲ್ಲಿ ಮಳೆ ಜಾಸ್ತಿಯಾದರೆ ಕರೆಂಟು, ನೆಟ್ ಎರಡೂ ಇರುವುದಿಲ್ಲ. ಡೌನ್‌ಲೋಡ್ ಮಾಡಿಟ್ಟುಕೊಳ್ಳುವಂಥದ್ದಿದ್ದರೂ ಹೇಳಿ.