ಮಾರ್ಗರಿತ್ ಎಂಬ ಫ್ರೆಂಚ್ ಹೆಸರು: ಹೂವೋ, ಮುತ್ತೋ?

ಪ್ರಶ್ನೆ:
ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ನನ್ನ ತಂಗಿಯ ನೆರೆಮನೆಯವರು ತಮ್ಮ ಹೆಣ್ಣುಮಗುವಿಗೆ ಮಾರ್ಗರಿತ್ ಎಂದು ಹೆಸರಿಟ್ಟಿದ್ದಾರೆ. ಅವರು ಹಂಚಿದ ಕಾರ್ಡಿನ ತುಂಬ ನಡುವೆ ಹಳದಿಯಿರುವ ಬಿಳಿ ಹೂಗಳಿದ್ದು, ಮಾರ್ಗರಿತ್ ಎಂದರೆ ಆ ಹೂವೇ ಎನ್ನುತ್ತಾಳೆ ತಂಗಿ. ನಾನು ನೋಡಿದ ನಿಘಂಟಿನಲ್ಲಿ ಮಾತ್ರ ಮೂಲಾರ್ಥ ಮುತ್ತು ಎಂದಿದೆ. ಯಾವುದು ಸರಿ? ಕನ್ನಡದಲ್ಲಿ ‘ಮಾರ್ಗರೀಟ್’ ಎಂದು ಬರೆಯಬೇಕೇ?

ಉತ್ತರ 1:
ಎರಡೂ ಸರಿ, ಆದರೆ ಮುತ್ತೇ ಹಳೆಯದು. ಗ್ರೀಕಿನಲ್ಲಿ ‘ಮಾರ್ಗರಿತೇಸ್’ ಎಂದರೆ ಮುತ್ತು. ಅದು ಇರಾನಿನ ಕಡೆಯ ಭಾಷೆಗಳಿಂದ ಗ್ರೀಕರಿಗೆ ಬಂದ ಪದವೆಂದು ವಿದ್ವಾಂಸರು ಭಾವಿಸುತ್ತಾರೆ. ಪಾರಸಿಯಲ್ಲಿ ಇಂದಿಗೂ ಮುತ್ತಿಗೆ ‘ಮೊರ್ವಾರೀದ್’ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಅದು ‘ಮಾರ್ಗರೀತಾ’ ಆಯಿತು. ಹಂದಿಗಳ ಮುಂದೆ ಮುತ್ತುಗಳನ್ನು ಚೆಲ್ಲಬೇಡಿ ಎಂಬ ಮತ್ತಾಯನ ಸುವಾರ್ತೆಯ ಮಾತಿಗೆ ಲ್ಯಾಟಿನ್ ಬೈಬಲ್ ಬಳಸಿರುವುದು ಇದೇ ಪದವನ್ನು. ಹೆಸರಾಗಿ ಇದು ಯೂರೋಪಿನಲ್ಲಿ ಹರಡಲು ಅಂತಿಯೋಕ್ಯದ ಸಂತ ಮಾರ್ಗರೀತಳ ಮೇಲಿನ ಭಕ್ತಿ ದೊಡ್ಡ ಕಾರಣ. ಫ್ರಾನ್ಸಿನ ವೀರಕನ್ಯೆ ಜೋನ್ ಆಫ್ ಆರ್ಕ್ ತನಗೆ ಸ್ವರ್ಗದಿಂದ ಕೇಳಿಸುತ್ತವೆಂದ ದನಿಗಳಲ್ಲಿ ಒಂದು ಈ ಸಂತಳದು. ಮುಂದೆ ದೊರೆ ಒಂದನೆಯ ಫ್ರಾನ್ಸ್ವಾನ ಅಕ್ಕ, ಸ್ವತಃ ಲೇಖಕಿಯಾಗಿದ್ದ ನವಾರದ ರಾಣಿಯ (1492–1549) ಹೆಸರೂ ಇದೇ ಆಗಿತ್ತು.

ಬಿಳುಪಿನ ಹೋಲಿಕೆಯಿಂದ ಹೂವಿಗೆ ಈ ಹೆಸರು ಬಂದದ್ದು ಆಮೇಲೆ. ಇಂದಿನ ಫ್ರೆಂಚಿನಲ್ಲಿ ಮುತ್ತಿಗೆ ‘ಪೆರ್ಲ್’ ಎಂಬ ಬೇರೆ ಪದವಿರುವುದರಿಂದ, ಮಾರ್ಗರಿತ್ ಎಂದೊಡನೆ ಅಲ್ಲಿಯವರ ಕಣ್ಣಿಗೆ ಕಟ್ಟುವುದು ಹೂವು. ನಿಮ್ಮ ತಂಗಿ ತಪ್ಪು ಹೇಳಿಲ್ಲ.

ಉತ್ತರ 2:
ಆ ಹೂವು ನಮ್ಮ ಸೇವಂತಿಗೆಯ ಕುಟುಂಬದ್ದೇ. ಅದರ ದಳಗಳನ್ನು ಒಂದೊಂದಾಗಿ ಕೀಳುತ್ತ ಫ್ರೆಂಚ್ ಹುಡುಗಿಯರು ‘ಅವನಿಗೆ ನನ್ನ ಮೇಲೆ ಪ್ರೀತಿಯಿದೆ: ಸ್ವಲ್ಪ, ಬಹಳ, ಉತ್ಕಟವಾಗಿ, ಹುಚ್ಚುಹಿಡಿಯುವಷ್ಟು, ಇಲ್ಲವೇ ಇಲ್ಲ’ ಎಂದು ಎಣಿಸುತ್ತಾರೆ. ಇದೆ, ಇಲ್ಲ ಎಂಬ ಎರಡೇ ಮಾತಿನ ಎಣಿಕೆಗಿಂತ ಇದು ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ಇಂಗ್ಲಿಷಿನಲ್ಲಿ ಮಾರ್ಗರೆಟ್‌ಳನ್ನು ಡೈಸಿ ಎಂದು ಕರೆಯುವ ರೂಢಿಗೂ ಈ ಫ್ರೆಂಚ್ ಹೂವೇ ಕಾರಣ. ಫ್ರೆಂಚರ ಸ್ವಂತ ಮುದ್ದಿನ ರೂಪ ‘ಮಾರ್ಗೋ’. ಬರೆಯುವಾಗ ‘ತ್’ ಇರಲಿ. ಫ್ರೆಂಚರ ನಾಲಿಗೆ ಅಲ್ಲಿ ಹಲ್ಲಿಗೆ ತಾಗುತ್ತದೆ, ಕೊನೆಯ ಸ್ವರ ಕೇಳಿಸುವುದಿಲ್ಲ.

ಉತ್ತರ 3:
ವಿಷಯದ ಅಂಚಿನ ಮಾತೊಂದು: ಬೇಕರಿಯ ಮಾರ್ಗರೀನ್ ಕೂಡ ಇದೇ ಬಳ್ಳಿಯ ಕಾಯಿ. ಫ್ರೆಂಚ್ ರಸಾಯನಶಾಸ್ತ್ರಜ್ಞ ಶೆವ್ರಲ್ 1813ರಲ್ಲಿ ಕೊಬ್ಬಿನಿಂದ ಬೇರ್ಪಡಿಸಿದ ಆಮ್ಲವೊಂದಕ್ಕೆ, ಅದರ ಮುತ್ತಿನಂಥ ಹೊಳಪು ಕಂಡು, ಗ್ರೀಕ್ ಪದದಿಂದಲೇ ಹೆಸರಿಟ್ಟನು. ಮಾರ್ಗರೀನ್ ಎಂಬ ಹೆಸರು ಬಂದದ್ದು ಆ ಆಮ್ಲದ ಹೆಸರಿನಿಂದ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಶುಭಾಶಯದಲ್ಲಿ ‘ನಿಮ್ಮ ಮನೆಯ ಮುತ್ತಿಗೆ’ ಎಂದು ಕನ್ನಡದಲ್ಲೇ ಬರೆದು ಕಳುಹಿಸುತ್ತೇನೆ. ನಮ್ಮಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವೂ ಉಂಟೆಂಬುದನ್ನು ತಂಗಿಯೇ ಅವರಿಗೆ ವಿವರಿಸಲಿ.