ಎಂಟನೇ ಕ್ಲಾಸಿನ ಇತಿಹಾಸ ಪಾಠಕ್ಕೆ ಹೊಸದೇನು ಮಾಡಬಹುದು?

ಸಮಾಜ ಟೀಚರ್, ಬೊಮ್ಮನಹಳ್ಳಿ:
ಮಕ್ಕಳು ಇಸವಿಗಳನ್ನು ಪಟಪಟ ಅಂತ ಒಪ್ಪಿಸುತ್ತಾರೆ. ‘ಇದೆಲ್ಲ ನಮಗೆ ಹೇಗೆ ಗೊತ್ತಾಯಿತು?’ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಪ್ರಾಜೆಕ್ಟ್ ಅಂದರೆ ಚಾರ್ಟ್ ತಂದು ಚಿತ್ರ ಅಂಟಿಸುವುದು ಅಂದುಕೊಂಡಿದ್ದಾರೆ. ನನಗೆ ಇದು ನಿಜಕ್ಕೂ ಬೇಜಾರು. ಬೇರೆ ಥರ ಮಾಡಿ ನೋಡಿದವರು ದಯವಿಟ್ಟು ಹೇಳಿ.

ನಿವೃತ್ತ ಮೇಷ್ಟ್ರು, ಜಯನಗರ:
ಮೇಡಂ, ನಿಮಗೆ ಬೇಗೂರು ಹತ್ತಿರವೇ ಅಲ್ವಾ? ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಶಾಸನ ಇದೆ. ‘ಬೆಂಗಳೂರು ಕಾಳಗ’ದಲ್ಲಿ ಸತ್ತವನೊಬ್ಬನ ನೆನಪಿಗೆ ಹಾಕಿಸಿದ್ದು. ಬೆಂಗಳೂರು ಕಟ್ಟಿದವರು ಅನ್ನುವ ಕೆಂಪೇಗೌಡರು ಇಲ್ಲಿ ಕೋಟೆ ಕಟ್ಟಿಸಿದ್ದು 1537ರಲ್ಲಿ. ಹಾಗಾದರೆ ಹೆಸರು ಅದಕ್ಕೂ ಮೊದಲೇ ಹೇಗಿತ್ತು? ಎರಡೂ ಇಸವಿಗಳನ್ನು ಬೋರ್ಡಿನ ಮೇಲೆ ಬರೆದು ಸುಮ್ನೆ ನಿಂತುಬಿಡಿ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ‘ಅದೇ ಹೆಸರಿನ ಬೇರೆ ಊರೂ ಇದ್ದಿರಬಹುದು ಸಾರ್’ ಅಂದ. ಎಂಥ ಒಳ್ಳೆ ಅನುಮಾನ! ಆ ಪೀರಿಯಡ್ ಪೂರ್ತಿ ಅವರೇ ವಾದ ಮಾಡಿದರು.

ಇನ್ನೊಂದು, ಆತಕೂರು ಶಾಸನ. ಕ್ರಿ.ಶ. 949ರ ಸುಮಾರಿನದು, ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಸೇರಿದ್ದು. ಕಾಳಿ ಅನ್ನುವ ನಾಯಿ ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಆ ನಾಯಿಗಾಗಿ ನಿಲ್ಲಿಸಿದ ಕಲ್ಲು ಅದು. ಚೋಳ ರಾಜಾದಿತ್ಯ ತಕ್ಕೋಲದ ಯುದ್ಧದಲ್ಲಿ ಸತ್ತ ಸುದ್ದಿಯೂ ಅದರಲ್ಲೇ ಇದೆ. ನಾಯಿ ಸಾಕಿದವನು ಮನೆಗೆ ಬಂದು ಏನು ಹೇಳಿರಬಹುದು ಅಂತ ಮಕ್ಕಳಿಂದ ಬರೆಸಿ. ಒಂದೇ ನಿಯಮ: ಕಲ್ಲಿನಲ್ಲಿ ಇರುವುದು ನೀಲಿ ಇಂಕಿನಲ್ಲಿ, ತಾವು ಊಹಿಸಿದ್ದು ಕೆಂಪು ಇಂಕಿನಲ್ಲಿ. ಬರೀ ಕಥೆ ಬರೆಸಿದರೆ ಇತಿಹಾಸ ಕೈತಪ್ಪುತ್ತದೆ. ಎರಡು ಬಣ್ಣ ಇದ್ದರೆ ಎಲ್ಲಿ ಸಾಕ್ಷಿ ಮುಗಿಯಿತು ಅಂತ ಮಗುವಿಗೇ ಕಾಣುತ್ತದೆ.

ಒಬ್ಬ ತಾಯಿ, ಯಲಹಂಕ:
ಚೆನ್ನಾಗಿದೆ ಸಾರ್. ಆದರೆ ಇದರಿಂದ ಪೋರ್ಷನ್ ಹಿಂದೆ ಬೀಳಲ್ವಾ? ಹತ್ತನೇ ಕ್ಲಾಸಿಗೆ ಹೋದಮೇಲೆ ಮಾರ್ಕ್ಸೇ ಮುಖ್ಯ ಆಗುತ್ತೆ.

ನಿವೃತ್ತ ಮೇಷ್ಟ್ರು, ಜಯನಗರ:
ಇದನ್ನೇ ಎಫ್‌ಎ (ವರ್ಷದ ನಡುವೆ ಶಾಲೆಯಲ್ಲೇ ಮಾಡುವ ಮೌಲ್ಯಮಾಪನ) ಚಟುವಟಿಕೆ ಮಾಡಿಕೊಳ್ಳಬಹುದು ಅಮ್ಮ. ಹೇಗೂ ಏನೋ ಒಂದು ಮಾಡಿಸಲೇಬೇಕು. ವಾದ ಮಾಡಿ ಕಲಿತ ಇಸವಿಯನ್ನು ಮಕ್ಕಳು ಬೇಗ ಮರೆಯುವುದೂ ಇಲ್ಲ.

ಸಮಾಜ ಟೀಚರ್, ಬೊಮ್ಮನಹಳ್ಳಿ:
ತುಂಬಾ ಥ್ಯಾಂಕ್ಸ್ ಸಾರ್. ಹಳಗನ್ನಡ ಲಿಪಿ ಮಕ್ಕಳಿಗೆ ಓದಲು ಬರಲ್ಲವಲ್ಲ, ಏನು ಮಾಡಲಿ?

ನಿವೃತ್ತ ಮೇಷ್ಟ್ರು, ಜಯನಗರ:
ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕ, ಅದರ ಒಂಬತ್ತನೇ ಸಂಪುಟ ನೋಡಿ. ಬೆಂಗಳೂರು ಜಿಲ್ಲೆಯ ಶಾಸನಗಳು ಈಗಿನ ಕನ್ನಡ ಅಕ್ಷರದಲ್ಲೇ ಅಚ್ಚಾಗಿವೆ. ಒಂದೆರಡು ಸಾಲು ಬರೆದುಕೊಂಡು ಹೋಗಿ, ಕಲ್ಲಿನ ಫೋಟೊ ಪಕ್ಕ ಇಟ್ಟು ಅಕ್ಷರ ಹುಡುಕಲು ಬಿಡಿ.